ಕಾಲು ಮುಂದಾಗಿ ಹುಟ್ಟಿದಾಕಿ

ತಲಿ ಮೊದಲು ಬರಬೇಕಿತ್ತು, ನಾ ಕಾಲು ಮುಂದಿಟ್ಟು ಬಂದೆ.
ಸೂಲಗಿತ್ತಿ ಬೆವತಳಂತ, ಅವ್ವ ಸತ್ತು ಬದುಕಿದಳಂತ.
ಆದ್ರ ಶಹಾಬಾದದ ನಮ್ಮ ಓಣಿಗಿ ಅದು ಲಾಭ ಆತು:
ಟೊಂಕ ಹಿಡದವರಿಗಿ ಅಂಥಾ ಕಾಲೇ ಔಷಧ.

ನಾಕು ವರ್ಷದಾಕಿ ಇದ್ದಾಗಿಂದ ಒದಿಲಾಕತ್ತೀನಿ.
ಹೊತ್ತು ಹುಟ್ಟೂಕಿಂತ ಮೊದಲ ಬಾಗಲ ಬಡೀತಾರ,
ಪರಸಿ ಮ್ಯಾಗ ಬೋರಲ ಬೀಳತಾರ:
ಖಣಿಯಾಗ ಕಲ್ಲು ಎಬ್ಬಿಸೋ ದೇವಿಂದ್ರ,
ಲಾರಿಗಿ ಹಾಸುಗಲ್ಲು ಏರಿಸೋ ಲಾಡ್ಲೇಸಾಬ,
ಹೊಲಿಗಿ ಮಷೀನ ಬಿಟ್ಟು ಏಳಲಾರದ ಸುಗಲಾಬಾಯಿ,
ಒಮ್ಮೆ ಸಾಲಿ ಹೆಡ್ಮಾಸ್ತರ ಬಿ,
ಕನ್ನಡಕ ತೆಗದು ಕೈಯಾಗ ಹಿಡಕೊಂಡು.
ಎಡಗಾಲಿಲೆ ಮೂರು ಸಲ.
ಮಾತಾಡಬಾರದು. ರೊಕ್ಕ ತಗೋಬಾರದು.
ಒಂದು ಟೆಂಗಿನಕಾಯಿ ಇಟ್ಟು ಹೊಳ್ಳಿ ನೋಡದಂಗ ಹೋಗತಿದ್ರು.
ಹಿಂಗ ಊರಿನ ಅರ್ಧ ಬೆನ್ನು ನನ್ನ ಅಂಗಾಲಿಗಿ ಗುರ್ತ ಅವ.

ನನ್ನ ಬೆನ್ನು?
ಟೇಶನ್ ಬಾಜೂ ಖಾನಾವಳಿಯಾಗ ಮೂವತ್ತೊಂದು ವರ್ಷ
ಕುಂತು ರೊಟ್ಟಿ ಬಡದೀನಿ, ದಿನಕ್ಕ ಎರಡ ನೂರು.
ಬಗ್ಗಿ ಹಿಟ್ಟಿನ ಡಬ್ಬಿ, ಬಗ್ಗಿ ನೀರಿನ ಕೊಡ, ಬಗ್ಗಿ ಒಲಿ.
ಐವತ್ತೆಂಟನೇ ವರ್ಷಕ್ಕ ಒಂದಿನ ಬಗ್ಗಿದಾಕಿ
ಬಗ್ಗಿದಲ್ಲೇ ಉಳದೆ,
ಕುಡಗೋಲಿನಂಗ.
ಅವತ್ತ ತಿಳೀತು: ತನ್ನ ಟೊಂಕ ತಾನೇ ಒದೀಲಾಕ
ಯಾವ ಕಾಲೂ ಅಷ್ಟು ಹಿಂದಕ ಮಡಚಂಗಿಲ್ಲ.

ಕಲಬುರಗಿ ದೊಡ್ಡ ದವಾಖಾನಿಯಾಗ ಒಂದು ಹುಡುಗಿ,
ನಾಜನೀನ ಅಂತ, ನನ್ನ ಮಮ್ಮಗಳ ವಯಸ್ಸಿನಾಕಿ.
ಗುಳಿಗಿ ಬರದು ಕಳಸ್ತಾಳ ಅಂದ್ಕೊಂಡಿದ್ದೆ,
ಆಕಿ ನೆಲಾ ತೋರಿಸಿದಳು: ಮಲ್ಕೋರಿ, ಅಂಗಾತ.
ಮೊಣಕಾಲು ಮಡಚ್ರಿ. ನಡು ಮ್ಯಾಗೆತ್ತಿ ಹತ್ತು ಎಣಸ್ರಿ.
ಎಣಸೂದರಾಗ ಉಸರು ಮರೀತೀನವ್ವ ಅಂದೆ.
ನಕ್ಕಳು. ಹಂಚಿನ ಮ್ಯಾಗ ರೊಟ್ಟಿ ಎಷ್ಟೊತ್ತಿಗಿ ಉಬ್ಬತದ?
ಅಷ್ಟೊತ್ತು ಹಿಡೀರಿ.

ಹಂಗ ಹೇಳಿದ್ರ ತಿಳೀತದ.
ಮೊದಲನೇ ವಾರ ನನ್ನ ರೊಟ್ಟಿ ಉಬ್ಬಲೇ ಇಲ್ಲ,
ಅರ್ಧಕ್ಕ ದೊಪ್ಪನ ಬೀಳತಿದ್ದೆ.
ಬೆಳಗಿನ ಜಾವ ಪರಸಿ ತಣ್ಣಗ ಬೆನ್ನಿಗಿ ಹತ್ತತದ,
ಟೊಂಕದ ಕೆಳಗ ಮಾತ್ರ ಹತ್ತಂಗಿಲ್ಲ,
ಇರುವಿ ತೂರಿ ಹೋಗೋವಷ್ಟು ಸಂದಿ.
ಅಲ್ಲಿಗಿ ಉಸರು ಕಳಸತೀನಿ.

ಮಾಲಕ ಶಿವಶರಣಪ್ಪ ಮಾರಿ ಗಂಟು ಹಾಕಿದ್ರೂ
ಎರಡು ಹಾಸುಗಲ್ಲು ಜೋಡಿಸಿ ಒಲಿ ನಡುಮಟ್ಟ ಏರಿಸಿದೆ.
ನಿಂತು ಬಡದ್ರ ಸಪ್ಪಳ ಬ್ಯಾರೆ ಬರತದ,
ಉಣ್ಣಾಕ ಕುಂತವರು ಹೊಳ್ಳಿ ನೋಡಿದ್ರು.
ಕೊಡ ಎತ್ತಬೇಕಾದ್ರ ಮೊಣಕಾಲಿಗಿ ಹೇಳತೀನಿ, ಟೊಂಕಕ್ಕಲ್ಲ;
ಕೂಸಿನಂಗ ಎದಿಗಿ ಅವಚಿಕೊಂಡು ಏಳತೀನಿ.
ಸಂಜಿಗಿ ರೈಲ್ವೆ ಗೇಟಿನ ತನಕ ನಡದು ಬರತೀನಿ.
ಬ್ಯಾನಿ ಹೋಗ್ಯಾದೇನು? ಇಲ್ಲ.
ಮೋಡ ಕವದ ದಿನ ಬಂದು ಕುಂಡ್ರತದ, ಹಳೇ ಬೀಗರಂಗ.
ಚಾ ಕುಡದು ಹೋಗತದ.

ಈಗ ಒದಸ್ಕೊಳ್ಳಾಕ ಬಂದವರಿಗಿ ನಂದೊಂದು ಶರತ್ತು ಅದ:
ಮೂರು ಒದಿ ನಂದು, ಮೂರು ರೊಟ್ಟಿ ನಿಮ್ದು.
ಹೆಡ್ಮಾಸ್ತರ ದಿನಾ ಮಾಡತಾನಂತ, ಬಾಗಲ ಹಾಕ್ಕೊಂಡು.

ಇವತ್ತ ಮಾಪಣ್ಣ ಬಂದಾನ, ನನ್ನ ಬೆನ್ನಿಗಿ ಬಿದ್ದ ತಮ್ಮ.
ಸಣ್ಣಾಂವಿದ್ದಾಗ ಇದೇ ಟೊಂಕದ ಮ್ಯಾಗ ಊರೆಲ್ಲ ತಿರಗ್ಯಾನ.
ನಲವತ್ತು ವರ್ಷ ಖಣಿಯಾಗ ಇಳದಾಂವ,
ಈಗ ಹೊಸ್ತಿಲಾ ದಾಟಲಾಕ ಗ್ವಾಡಿ ಹಿಡೀತಾನ.
ಕಸರತ್ತು ಗಿಸರತ್ತು ಬ್ಯಾಡ ಅಕ್ಕಾ, ಸುಮ್ಕ ಒದಿ ಅಂತಾನ.
ಬೋರಲ ಬಿದ್ದಾನ. ಎಡಗಾಲು ಇಟ್ಟೆ, ಒದೀಲಿಲ್ಲ.
ಅಂಗಾಲಿಗಿ ಒಂದೊಂದ ಮಣಿ ಹತ್ತತದ,
ಖಣಿಯಾಗ ಪದರ ಪದರ ಕಲ್ಲು ಇದ್ದಂಗ,
ನಡುವ ಎಲ್ಲೋ ಒಂದು ಪದರ ಜರದಂಗ.

ಮೂರು ಸಲ ಮುಟ್ಟಿಸಿದೆ.
ಮಾತಾಡಬಾರದು ಖರೆ, ಮಾತಾಡಿದೆ:
ಹೊಳ್ಳು, ಮಾಪಾ. ಅಂಗಾತ ಮಲ್ಕೋ.
ಮೊಣಕಾಲು ಮಡಚು. ಉಸರು ಬಿಡು.
ಎತ್ತು ಈಗ.
ತಡಿ, ತಡಿ, ಇಳಸಬ್ಯಾಡ,
ಇನ್ನಾ ಉಬ್ಬಿಲ್ಲ.