ಒಬ್ಬರಿಗೆ ಎಷ್ಟು ಬಿತ್ತು

ಯಾದಗಿರಿ, ಚಿತ್ತಾಪುರ ರಸ್ತೆ, ಹಿಟ್ಟಿನ ಗಿರಣಿ ಮ್ಯಾಲ
ನನ್ನ ಕೋಚಿಂಗ್ ಕ್ಲಾಸು.
ಕೆಳಗ ಜೋಳ ಬೀಸಿದಾಗೆಲ್ಲ ಬೋರ್ಡು ನಡಗತದ,
ನಾ ಬರೆದ ಸೊನ್ನೆ ಆರಾಗತದ.
ಹದಿನೈದು ಬೆಂಚು, ಹನ್ನೊಂದು ಮಂದಿ,
ಅದರಾಗ ಮೂವರದು ಫೀ ಉದ್ರಿ.

ಗಿರಣಿ ಖಾದರಸಾಬರ ಮೊಮ್ಮಗ ಮುಬೀನ,
ಮೀಸಿ ಇನ್ನೂ ಸರಿಯಾಗಿ ಬಂದಿಲ್ಲ, ಅವ ಅಂದ:
"ಜಾಹೀರಾತು ಕೊಡ್ರಿ ಸರ. ಪೇಪರಿಗಲ್ಲ, ಫೋನಿಗೆ.
ದಿನಕ್ಕ ಇನ್ನೂರು ರೂಪಾಯಿ.
ಊರ ಸುತ್ತ ನಲವತ್ತು ಕಿಲೋಮೀಟರ್
ಒಂದು ವರ್ತುಲ ಹೊಡೀತೀನಿ,
ಒಳಗಿದ್ದವರ ಕೈಯಾಗೆಲ್ಲ ನೀವೇ."

ಪೈ ಆರ್ ವರ್ಗ ಕಲಿಸಿದವ ನಾನು.
ಐದು ಸಾವಿರ ಚದರ ಕಿಲೋಮೀಟರ್ ನೆಲ
ದಿನಕ್ಕ ಇನ್ನೂರಕ್ಕ ಬಾಡಿಗಿ ಸಿಗತದಂತ
ಯಾವ ಪುಸ್ತಕದಾಗೂ ಇರಲಿಲ್ಲ.

ಮದುವಿ ಕೋಟು ತೆಗೆದು ಹಾಕ್ಕೊಂಡೆ. ಫೋಟೋ.
'ಅನುಭವಿ ಬೋಧನೆ. ಉಜ್ವಲ ಭವಿಷ್ಯ. ಇಂದೇ ಸೇರಿ.'
ಒಂಬತ್ತು ದಿನ, ಹದಿನೆಂಟು ನೂರು ರೂಪಾಯಿ.
ನಾಲ್ಕು ನೂರು ಮಂದಿ ಹೆಬ್ಬೆಟ್ಟು ಒತ್ತಿದರು;
ಅಕ್ಷರ ಬಂದ್ರೂ ಹೆಬ್ಬೆಟ್ಟು ಬಿಡಲಿಲ್ಲ ನಮ್ಮ ಜಿಲ್ಲಾ.
ಫೋನು ಬಂದದ್ದು ಎರಡು.
ಸುರಪುರದವ ಒಬ್ಬ, ಕೋಟು ಎಲ್ಲಿ ಹೊಲಿಸಿದ್ರಿ ಅಂದ.
ಇನ್ನೊಬ್ಬಾಕಿ ನಾಲವಾರದ ದೇವಿಂದ್ರಮ್ಮ:
"ಎಷ್ಟಕ್ಕ ಬಿಡ್ತೀರಿ ಸರ?
ಆರರ ಗಾಡಿ ತಪ್ಪಿದ್ರ ಮನ್ಯಾಗ ಮತ್ತ ಕಳಸಂಗಿಲ್ಲ.
ನನಗ ಎಲ್ಲಾ ಬರ್ತದ್ರಿ, ಶೇಕಡಾ ಒಂದೇ ಬರಂಗಿಲ್ಲ.
ಅಷ್ಟೇ ಕಲಸ್ತೀರೇನು?"

ಅಷ್ಟೇ.
ಹದಿನಾಲ್ಕು ವರ್ಷ ಅಂಗಡಿ ತುಂಬ ಸಾಮಾನಿಟ್ಟು ಕೂತಿದ್ದೆ,
ಗಿರಾಕಿ ಕೇಳಿದ್ದು ಒಂದು ಮುಟಗಿ ಉಪ್ಪು.

ಕೋಟು ಟ್ರಂಕಿಗೆ ಹೋಯಿತು.
ಫೋಟೋದಾಗ ಈ ಸಲ ಬೋರ್ಡು, ಆರಾದ ಸೊನ್ನೆ ಸುದ್ದಾ.
ಕೆಳಗ ನಾನೇ ಬರದೆ, ಮಾತಾಡಿದಂಗ:
'ಲೆಕ್ಕದಾಗೇ ಎರಡು ಸಲ ಬಿದ್ದವರು ಬರ್ರಿ.
ಇಪ್ಪತ್ತು ದಿನ. ಶೇಕಡಾ, ಸರಾಸರಿ. ಬ್ಯಾರೆ ಏನಿಲ್ಲ.
ಆರರ ಗಾಡಿಗಿಂತ ಮೊದಲ ಬಿಡ್ತೀನಿ.
ತಿಳೀಲಿಲ್ಲಂದ್ರ ರೊಕ್ಕ ವಾಪಸ್.'
ಕಡೀ ಸಾಲು ಕೇಳಿ
ಹೆಂಡತಿ ರೊಟ್ಟಿ ಬಡಿಯೋದು ನಿಂತಿತು,
ಹಂಚಿನ ಮ್ಯಾಲಿಂದು ಹೊತ್ತಿತು.

ಬಂದರು. ಗುರುಮಠಕಲ್ಲಿಂದ, ಸೈದಾಪುರದಿಂದ,
ಕೂಸು ಎತ್ತಿಕೊಂಡು ಒಬ್ಬಾಕಿ ಶಹಾಪುರದಿಂದ.
ಬೆಂಚು ಸಾಲದೆ ಗಿರಣಿಯ ಖಾಲಿ ಚೀಲ ಹಾಸಿದೆವು;
ಎದ್ದಾಗ ಎಲ್ಲರ ಹಿಂದೂ ಹಿಟ್ಟು.

ಹನ್ನೆರಡನೇ ದಿನ ಸರಾಸರಿ.
ಪುಸ್ತಕದ ನಳ, ಟಾಕಿ ಸಾಕಾಗಿ
ನನ್ನ ಲೆಕ್ಕಾನೇ ಬೋರ್ಡಿಗೆ ಹಾಕಿದೆ:
ಜಾಹೀರಾತಿನ ಖರ್ಚು ಏಳು ಸಾವಿರದ ಎರಡು ನೂರು,
ಸೇರಿದವರು ಮೂವತ್ತೆರಡು.
ಒಬ್ಬರಿಗೆ ಎಷ್ಟು ಬಿತ್ತು?

"ಇನ್ನೂರಾ ಇಪ್ಪತ್ತೈದು" ಅಂತ ಯಾರೋ ಅಂದರು.
ಆಮ್ಯಾಲ ಕ್ಲಾಸು ಗಪ್ಪಾಯಿತು.
ಬಾಜೂದವರ ಮುಖ ನೋಡಿಕೊಂಡರು,
ಹೊಸ ಅಂಗಿ ಕಾಲರಿನಾಗ ಬೆಲೆ ಚೀಟಿ ಉಳದಂಗ.
ಸುಣ್ಣದ ಕಡ್ಡಿ ಹಿಡಿದು ನಾ ನಿಂತಿದ್ದೆ.
ಯಾಕ ಕೇಳಿದೆನೋ.

ಚೀಲದ ಮ್ಯಾಲಿಂದ ಭೀಮಶಪ್ಪ ಕೈ ಎತ್ತಿದ:
"ತಪ್ಪದ ಸರ. ನನ್ನ ಫೋನಿಗೆ ನೆಟ್ಟೇ ಇಲ್ಲ.
ದೇವಿಂದ್ರಕ್ಕ ಗಾಡ್ಯಾಗ ಹೇಳಿದ್ಲು, ಬಂದೆ."
ನಾನೂ, ಅಂದಳು ಕೂಸಿನಾಕಿ.
ಇನ್ನೊಂದು ಕೈ. ಮತ್ತೊಂದು.
ಎಣಿಸಿದೆ, ಏಳು.
ಉಳಿದ ಇಪ್ಪತ್ತೈದು ಮಂದಿ ಬೆಲೆ ಏರಿತು, ಇನ್ನೂರಾ ಎಂಬತ್ತೆಂಟು,
ಮುಬೀನನ ಮುಖ ಇಳಿಯಿತು.
ಈ ಏಳನ್ನ ಯಾವ ಕಾಲಮ್ಮಿಗೆ ಬರೀಬೇಕೋ ತಿಳೀಲಿಲ್ಲ.

ಆರಕ್ಕ ಇಪ್ಪತ್ತು ಕಮ್ಮಿ.
ದೇವಿಂದ್ರಮ್ಮ ಆಗಲೇ ಚೀಲ ಹೆಗಲಿಗೆ ಹಾಕಿ
ಮೆಟ್ಟಲ ಇಳೀಲಿಕ್ಕತ್ತಿದ್ದಳು;
ಅರ್ಧಕ್ಕ ನಿಂತು, ಪೆನ್ನು ಮುಟ್ಟದೆ,
ಗಿರಣಿ ಸಪ್ಪಳದ ಮ್ಯಾಲ ಒದರಿದಳು:
"ಏಳು ಮಂದಿ ಅಂದ್ರ ಸರ,
ಶೇಕಡಾ ಇಪ್ಪತ್ತೆರಡಕ್ಕ ಚೂರು ಕಮ್ಮಿ!"