ಸಾಗಡೆಯ ಕೆಂಪು

ನಾನು ಪಾಸ್‌ಪೋರ್ಟ್ ಸೈಜಿನವಳು.
ಕೋಡಿಬಾಗದ ಸ್ಟುಡಿಯೋ, ನೀಲಿ ಪರದೆ,
'ಗದ್ದ ಸ್ವಲ್ಪ ಮೇಲೆ, ಕಣ್ಣು ಮಿಟುಕಬೇಡಿ',
ಹತ್ತು ನಿಮಿಷಕ್ಕೆ ಎಂಟು ಪ್ರತಿ.

ಫಾಲ್ಗುಣದ ಒಂದು ಮಂಗಳವಾರ ಗಿರಾಕಿಯಿಲ್ಲ.
ಶಟರ್ ಎಳೆದು ಕದ್ರಾ ಬಸ್ಸು ಹತ್ತಿದೆ,
ಕೊರಳಲ್ಲಿ ಕ್ಯಾಮೆರಾ,
ಬಣ್ಣ ಅಳೆಯಲು ಚೀಲದಲ್ಲೊಂದು ಬಿಳಿ ರಟ್ಟು.

ತಿರುವಿನಲ್ಲಿ ಸಾಗಡೆ ಮರ, ಬುಡದಿಂದ ತುದಿಗೆ ಕೆಂಪು.
'ಎಷ್ಟೊಂದು ಹೂವು!' ಅಂದೆ.
ಹಣ್ಣಿನಿಂದ ಗೇರುಬೀಜ ತಿರುಚುತ್ತಿದ್ದ ಬುದವಂತಿ
ತಲೆ ಎತ್ತಲಿಲ್ಲ:
'ಹೂ ಎಲ್ಲಿ ಕಂಡ್ರಿ? ಎಲೆ ಅದು.
ಆಗಷ್ಟೇ ಹುಟ್ಟಿದ ಕೂಸಿನ ಅಂಗಾಲು ನೋಡ್ಲಿಲ್ವಾ ನೀವು?'

ಕ್ಲಿಕ್ಕಿಸಿದೆ, ಕಿತ್ತಳೆ ಬಂತು.
ಮತ್ತೆ. ಇಟ್ಟಿಗೆ ಬಂತು.
ರಟ್ಟು ಹಿಡಿದು ಲೆಕ್ಕ ಸರಿಮಾಡಿದೆ;
ಆ ಕೆಂಪು ಮಾತ್ರ
ಪೆಟ್ಟಿಗೆಯೊಳಗೆ ಬರಲೊಲ್ಲದು.

ಮುತ್ತುಗ ಸಲೀಸಾಗಿ ಬಂತು,
ಫೋಟೋಕ್ಕೆಂದೇ ಹುಟ್ಟಿದ ಮದುಮಗನ ಹಾಗೆ.
ಮಾವಿನ ಹೂವೆಲ್ಲ ಗಾಳಿಗೆ ಅಲುಗಿತು.

ಮರುವಾರ ಹೋದರೆ ಮರ ಹಸಿರು.
ಏನೂ ನಡೆದೇ ಇಲ್ಲವೆಂಬಂತೆ
ಉಳಿದ ಮರಗಳ ಸಾಲಿನಲ್ಲಿ ನಿಂತಿದೆ.
'ದೊಡ್ಡದಾಯ್ತು' ಅಂದಳು ಬುದವಂತಿ.
ಗೇರುಸೊನೆ ಸುಟ್ಟ ಕೈ, ಸುಲಿದ ಚರ್ಮ,
ಅದರ ಕೆಳಗೆ ಎಳೆಯ ಕೆಂಪು.

'ರೇಶನ್ ಅಂಗಡಿ ಮಿಶನ್ನು ಈ ಬೆರಳು ಒಪ್ಪೂದಿಲ್ಲ,
ಗೇರು ಮುಗಿಯೋವರೆಗೆ ನಾನು ನಾನಲ್ಲವಂತೆ'
ಅಂತ ನಕ್ಕಳು.

ಬಿಳಿ ರಟ್ಟಿನ ಮೇಲೆ ಅಂಗೈ ಇಡಿಸಿದೆ.
ಒಂದೇ ಒಂದು ತೆಗೆದೆ.

ಈಗ ಅದು ಸ್ಟುಡಿಯೋದ ಗಾಜಿನೊಳಗಿದೆ,
ಮದುವೆ ಜೋಡಿಗಳ ಪಕ್ಕ.
'ಯಾವುದರ ಎಲೆ ಇದು?' ಕೇಳುತ್ತಾರೆ
ಅರ್ಜಿಗೆ ಫೋಟೋ ಬೇಕಾದವರು.
'ಗದ್ದ ಮೇಲೆ' ಅನ್ನುತ್ತೇನೆ,
'ಕಣ್ಣು ಮಿಟುಕಬೇಡಿ.'