ಎಣ್ಣೆ ಸೀಗೆಕಾಯಿ

ಗುರುಮಲ್ಲಪ್ಪ ಮೇಷ್ಟ್ರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು,
ಗಬ್ಬದ ಹಸುವಿನ ಹೊಟ್ಟೆ ಮುಟ್ಟುವ ಹಾಗೆ:
"ಹನ್ನೊಂದನೇ ತಿರುವಲ್ಲಿ ಕಣವ್ವ ದುಂಡಮ್ಮ,
ಒಳಗೆ ಯಾರೋ ಸುತ್ತಿಗೇಲಿ ಹೊಡೆದ್ರು. ಒಂದೇ ಏಟು.
ಆಮೇಲೆ ಏನೂ ಇಲ್ಲ. ದಿಂಬಂ ಹತ್ತಿ ತಾಳವಾಡಿ ಸೇರ್ದೆ."

ಕಿಟಿಕಿಟಿ ಅಂದರೆ ಟ್ಯಾಪೆಟ್ಟು,
ಗರಗರ ಅಂದರೆ ಬೇರಿಂಗು.
ಒಂದೇ ಏಟು ಹೊಡೆದು ಸುಮ್ಮನಾಗುವುದಕ್ಕೆ
ನಾನು ಹೆದರುತ್ತೇನೆ.

ಬನ್ನಾರಿಯಿಂದ ಇಪ್ಪತ್ತೇಳು ತಿರುವು, ಮುಂದೆ ಕಬ್ಬಿನ ಲಾರಿ,
ಹಿಂದಿನ ಸೀಟಲ್ಲಿ ಬೀಗರು ಕೊಟ್ಟ ಅರಿಸಿನದ ಮೂಟೆ,
ಮೂರೇ ಸಿಲಿಂಡರಿನ ಟರ್ಬೊ, ಉಸಿರು ಕಟ್ಟಿ ಹತ್ತಿದೆ;
ಗೇರು ಇಳಿಸಿದರೆ ಪೆಟ್ರೋಲು ದಂಡ ಎಂಬ ಮೇಷ್ಟ್ರ ಲೆಕ್ಕ.

"ಎಣ್ಣೆ ಯಾವುದು ಹಾಕಿಸಿದ್ರಿ?"
ಸತ್ಯಮಂಗಲದಲ್ಲಿ ತಾವೇ ಆರಿಸಿ ತಂದರಂತೆ,
ಹಳೇ ಫಿಯೆಟ್ಟಿಗೆ ಹಾಕುತ್ತಿದ್ದಂಥದ್ದು,
ದೋಸೆ ಹಿಟ್ಟಿನ ಹಾಗೆ ಮಂದ. ಮಂದ ಇದ್ದರೇ ಬಲ.

ಆ ಫಿಯೆಟ್ಟಿನ ಸಂದಿಗಳಲ್ಲಿ ಕುರಿ ನುಗ್ಗಬಹುದಿತ್ತು.
ಇದರ ಸಂದಿಯಲ್ಲಿ ಕೂದಲು ನುಸುಳದು.
ತಾಳವಾಡಿಯ ಮಾರ್ಗಳಿ ಬೆಳಗಿನಲ್ಲಿ ಕೀಲಿ ತಿರುವಿದಾಗ
ಮಂದ ಎಣ್ಣೆ ಇನ್ನೂ ತಳದಲ್ಲಿ ಆಕಳಿಸುತ್ತಿರುತ್ತದೆ,
ಮೇಲೆ ಲೋಹಕ್ಕೆ ಲೋಹ ಉಜ್ಜಿ ಮುಗಿದಿರುತ್ತದೆ.

ಕೇತ ಬಾಂಡಲಿ ಒಡ್ಡಿದ. ಬೋಲ್ಟು ಬಿಚ್ಚಿದೆ. ಕಪ್ಪು ಇಳಿಯಿತು.
ಹೊಸ ಡಬ್ಬ ತಿರುಗಿಸಿ ತೋರಿಸಿದೆ: ಬಳೆಯಂಥ ಗುಂಡು ಮುದ್ರೆ,
ನಡುವೆ ಸೊನ್ನೆ ಡಬ್ಲ್ಯೂ ಇಪ್ಪತ್ತು, ಮೇಲೆ ಎಸ್‌ಪಿ.
"ಎಸ್‌ಪಿ ಅಂದ್ರೆ ಪೊಲೀಸಾ?"
"ಅಕ್ಷರಮಾಲೆ ಮೇಷ್ಟ್ರೇ. ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ.
ಮುಂದೆ ಮುಂದಿನದು ಬಿಗಿ. ನೀವು ತಂದದ್ದು ಎಸ್‌ಎಲ್."
"ಕೆ ಎಲ್ಲಿ? ಓ ಎಲ್ಲಿ?"
"ಬಿಟ್ಟವ್ರೆ."
"ನಮ್ಮ ೠ, ಌ ಬಿಟ್ಟಂಗೆ!" ಮೇಷ್ಟ್ರಿಗೆ ಖುಷಿಯಾಯಿತು.
ಆ ಌ ತಪ್ಪಿದ್ದಕ್ಕೇ ನನ್ನ ಗೆಣ್ಣಿಗೆ ರೂಲುದೊಣ್ಣೆ ಬಿದ್ದದ್ದು
ಅವರಿಗೆ ನೆನಪಿಲ್ಲ.

ಎಣ್ಣೆ ಸೀಗೆಕಾಯಿ ಅನ್ನುತ್ತೇವೆ, ಆಗದವರಿಗೆ.
ಡಬ್ಬದೊಳಗೆ ಎರಡೂ ಸಂಸಾರ ಮಾಡುತ್ತವೆ:
ಜಾರಿಸುವುದೂ ಅದೇ, ಕೊಳೆ ತೊಳೆಯುವುದೂ ಅದೇ.
ಹಳೆಯ ಸೀಗೆಯಲ್ಲಿ ಸುಣ್ಣದಂಶ ಜಾಸ್ತಿ;
ಏರಿನಲ್ಲಿ ಇಂಜಿನ್ನು ಏದುವಾಗ ಅದರದೊಂದು ಹನಿ
ಪೆಟ್ರೋಲಿಗೆ ಬೆರೆತು, ಕಿಡಿ ಬರುವ ಮೊದಲೇ ಹೊತ್ತಿಕೊಳ್ಳಬಹುದು,
ಬೀಸು ಕಂಸಾಳೆಯಲ್ಲಿ ತಾಳ ತಪ್ಪಿದವನ ಕಂಚು
ಪಕ್ಕದವನ ಬುರುಡೆಗೆ ಬಿದ್ದ ಹಾಗೆ.
ಹೊಸ ಅಕ್ಷರ ಆ ಸುಣ್ಣ ಕಡಿಮೆ ಮಾಡಿಸಿತು.

ಎಲ್ಲೋ ಒಂದು ಕೋಣೆಯಲ್ಲಿ ಇದಕ್ಕಾಗಿಯೇ
ಇಂಜಿನ್ನುಗಳನ್ನು ಸಾಯುವ ತನಕ ಓಡಿಸಿ, ಬಿಚ್ಚಿ,
ಸರಪಳಿ ಎಷ್ಟು ಸವೆಯಿತು, ಪಿಸ್ಟನ್ನಿಗೆ ಎಷ್ಟು ಮಸಿ ಎಂದು
ಅಳೆದು ಬರೆದಿಟ್ಟವರಿದ್ದಾರೆ. ಹೆಸರು ಗೊತ್ತಿಲ್ಲ.
ಅವರ ಉಗುರಲ್ಲೂ ಕಪ್ಪು ಇದ್ದೀತು.

"ಇನ್ನು ಭಯ ಇಲ್ವಲ್ಲ?"
"ಹನ್ನೊಂದರಲ್ಲಿ ಎರಡನೇ ಗೇರು. ಎಣ್ಣೆ ಎಷ್ಟೇ ಒಳ್ಳೇದಿರಲಿ."
ಬೈಸಿಕೊಂಡ ಹುಡುಗನ ಹಾಗೆ ತಲೆಯಾಡಿಸಿದರು,
ಬಿಲ್ಲಿನ ಕೂಡುವಿಕೆ ಎರಡು ಸಲ ಪರೀಕ್ಷಿಸಿ ಹೊರಟರು.

ಕೇತ ಬಾಂಡಲಿ ಎತ್ತಿದ. "ಚೆಲ್ಲಬೇಡ" ಅಂದೆ.
ಎರಡು ಬೆರಳಲ್ಲಿ ಹೊಸಕಿ ಬಿಸಿಲಿಗೆ ಹಿಡಿದೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಬಾರದು.
ಕಪ್ಪಿನಲ್ಲಿ ಒಂದು ಕಣ, ಅಲ್ಯೂಮಿನಿಯಂ,
ಮೂಗುಬೊಟ್ಟಿನ ಹರಳಿಗಿಂತ ಚಿಕ್ಕದು, ಹೊಳೆಯುತ್ತಿತ್ತು.

ಮೇಷ್ಟ್ರ ನಂಬರು ಒತ್ತಿದೆ.
ಎಣ್ಣೆಗೈ. ಫೋನಿನ ಗಾಜು ಬೆರಳನ್ನು ಒಪ್ಪಲಿಲ್ಲ.
ಸೀರೆ ಸೆರಗಿಗೆ ಒರೆಸಿ ಇನ್ನೊಮ್ಮೆ ಒತ್ತಿದೆ.